ಗೋಲಿನ ಮುಂದೆ ನಿಲ್ಲಲು ಒಬ್ಬರು ಬೇಕು

ಅಚ್ಚುಕಟ್ಟಾಗಿ ಬದುಕುವವನಿಗೆ ತನ್ನದು ಎಂಬ ಕಷ್ಟ ಇರುವುದಿಲ್ಲ. ಇರುವುದೆಲ್ಲ ಬೇರೆಯವರ ಅವ್ಯವಸ್ಥೆಯಿಂದ ಬಂದದ್ದು. ಮನೆಯಲ್ಲಿ ನಾನು ಈ ಮಾತು ಆಡಿದಾಗಲೆಲ್ಲ ನನ್ನ ಹೆಂಡತಿ ಲಲಿತ, "ಅವರವರ ಅವ್ಯವಸ್ಥೆ ಅವರವರ ಹತ್ರಾನೇ ಬಿದ್ದಿರತ್ತೆ ರೀ. ನೀವೇ ಹೋಗಿ ಹೊತ್ಕೊಂಡು ಬರ್ತೀರ" ಎನ್ನುತ್ತಾಳೆ. ಈ ವಾದದಲ್ಲಿ ಗೆದ್ದವರು ಯಾರು ಎಂದು ಈಗಲೇ ಹೇಳುವುದಿಲ್ಲ. ಐಸ್ ಹಾಕಿ ಎಂಬ ಆಟದ ದೆಸೆಯಿಂದ ನಾನು ಒಂದು ವಾರ ನಿದ್ದೆಯಿಲ್ಲದೆ ಕಳೆದ ಕತೆ ಕೇಳಿದ ಮೇಲೆ ನೀವೇ ತೀರ್ಮಾನಿಸಬಹುದು.

ನಾನು ಬೆಳೆದದ್ದು ಮೈಸೂರಿನ ಒಂದು ವಿದ್ಯಾರ್ಥಿನಿಲಯದಲ್ಲಿ. ಅಲ್ಲಿ ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಸ್ನಾನ, ಗಂಟೆ ಹೊಡೆದರೆ ಊಟ. ಹಸಿವಿಗೂ ಗಂಟೆಗೂ ಸಂಬಂಧವಿರಲಿಲ್ಲ. ಕೊನೆಗೆ ಹಸಿವೇ ಸೋತು ಗಂಟೆಯ ದಾರಿಗೆ ಬಂತು. ನಮ್ಮ ವಾರ್ಡನ್ನರು ಹುಡುಗರು ಸುತ್ತಿಟ್ಟ ಹಾಸಿಗೆ ನೋಡಿ ಭವಿಷ್ಯ ಹೇಳುತ್ತಿದ್ದರು. ನನ್ನ ಹಾಸಿಗೆ ನೋಡಿ, "ನೀನು ಒಂದು ಜಿಲ್ಲೆ ಆಳುತ್ತೀಯ" ಎಂದಿದ್ದರು. ಜಿಲ್ಲೆ ಸಿಗಲಿಲ್ಲ. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಪ್ರಯೋಗಾಲಯದಲ್ಲಿ ಗಾಜಿನ ಪಾತ್ರೆಗಳನ್ನು ತೊಳೆಸಿ, ಕುದಿಸಿ, ಒಣಗಿಸಿ ಜೋಡಿಸುವ ವಿಭಾಗದ ಮೇಲ್ವಿಚಾರಣೆ ಸಿಕ್ಕಿತು. ಪ್ರಜೆಗಳಿಗಿಂತ ಪಾತ್ರೆಗಳು ವಾಸಿ. ಇಟ್ಟ ಜಾಗದಲ್ಲಿ ಇರುತ್ತವೆ.

ನಮ್ಮ ಪ್ರಯೋಗಾಲಯದ ಯುವಕರು ಒಂದು ಐಸ್ ಹಾಕಿ ತಂಡ ಕಟ್ಟಿಕೊಂಡಿದ್ದರು. ಸುತ್ತಮುತ್ತಲ ಕಂಪನಿಗಳ ತಂಡಗಳೊಂದಿಗೆ ಭಾನುವಾರ ಬೆಳಿಗ್ಗೆ ಆಡುತ್ತಿದ್ದರು. ಕ್ಯಾಲಿಫೋರ್ನಿಯಾದ ಬಿಸಿಲಿನಲ್ಲಿ ಮಂಜುಗಡ್ಡೆ ಎಲ್ಲಿಂದ ಬಂತು ಎಂದು ನಾನೂ ಕೇಳಿದ್ದೆ. ದೊಡ್ಡ ಗೋದಾಮಿನಂಥ ಕಟ್ಟಡದೊಳಗೆ ಯಂತ್ರದಿಂದ ನೆಲವನ್ನೇ ಹೆಪ್ಪುಗಟ್ಟಿಸುತ್ತಾರೆ. ಅದರ ಮೇಲೆ ಕಾಲಿಗೆ ಕತ್ತಿ ಕಟ್ಟಿಕೊಂಡು, ಕೈಯಲ್ಲಿ ದೊಣ್ಣೆ ಹಿಡಿದು, ಒಂದು ಕಪ್ಪು ರಬ್ಬರ್ ಬಿಲ್ಲೆಯ ಹಿಂದೆ ಜಾರಿಕೊಂಡು ಓಡುತ್ತಾರೆ. ಒಮ್ಮೆ ಬನ್ನಿ ಎಂದು ಕರೆದರು, ಹೋದೆ. ಆಟ ನನಗೆ ಅರ್ಥವಾಗಲಿಲ್ಲ. ಆದರೆ ಆಟ ಮುಗಿದ ಮೇಲೆ ಅವರ ಸಾಮಾನಿನ ಕೋಣೆ ನೋಡಿದೆ. ಒದ್ದೆ ಗವಸು, ಒದ್ದೆ ಕಾಲುಚೀಲ, ಮೊಣಕಾಲಿನ ಕವಚ ಎಲ್ಲ ಒಂದೇ ಗುಡ್ಡೆ. ವಾಸನೆಯ ವಿಷಯ ಬೇಡ. ಇದನ್ನು ಊಟದ ನಂತರ ಓದುವವರೂ ಇರಬಹುದು. ಮುಂದಿನ ಭಾನುವಾರ ನಾನೇ ಕೊಕ್ಕೆಗಳನ್ನು ತಂದು ಗೋಡೆಗೆ ಹೊಡೆದೆ. ಅದರ ಮುಂದಿನ ಭಾನುವಾರ ಅವರು ನನ್ನನ್ನು ತಂಡದ ಮ್ಯಾನೇಜರು ಎಂದು ಕರೆದರು. ಲಲಿತ, "ಊರವರ ಬೆವರು ಒಣಗಿಸೋಕೆ ಏಳು ಸಮುದ್ರ ದಾಟಿ ಬರಬೇಕಿತ್ತಾ?" ಎಂದಳು.

ಹೀಗಿರುವಾಗ ತಂಡದ ಗೋಲಿ ಡೇವ್‌ಗೆ ಮಂಗನಬಾವು ಬಂತು. ಗೋಲಿ ಎಂದರೆ ಗೋಲು ಕಾಯುವವನು. ಡೇವ್ ಆರಡಿಯ ಆಳು, ಹೆಪ್ಪುಗಟ್ಟಿದ ಕೆರೆಗಳ ನಾಡಿನಲ್ಲಿ ಹುಟ್ಟಿದವನು. ಎದೆಗೆ ಬಿಲ್ಲೆ ಬಡಿದರೆ ನೊಣ ಕೂತಷ್ಟೂ ಲೆಕ್ಕವಿಲ್ಲ. ಅಂಥವನನ್ನು ಅವನ ಪುಟ್ಟ ಮಗಳು ಶಾಲೆಯಿಂದ ತಂದ ಕಾಯಿಲೆ ಮಲಗಿಸಿತು. ಎರಡು ಕೆನ್ನೆಯೂ ಹಲಸಿನ ಕಾಯಂತೆ ಊದಿ, ಗೋಲಿಯ ಮುಖವಾಡ ತಲೆಗೇ ಇಳಿಯದಾಯಿತು. ಆದರೂ ಆಡುತ್ತೇನೆ ಎಂದು ಹೊರಟಿದ್ದನಂತೆ. ದೊಡ್ಡ ಗಂಡಸರಿಗೆ ಈ ಕಾಯಿಲೆ ಬಂದಾಗ ವಿಶ್ರಾಂತಿ ತೆಗೆದುಕೊಳ್ಳದಿದ್ದರೆ ಬಾವು ಇನ್ನೆಲ್ಲಿಗೆ ಇಳಿಯಬಹುದು ಎಂದು ಡಾಕ್ಟರು ವಿವರಿಸಿದ ಮೇಲೆ ಹೊದ್ದು ಮಲಗಿದ.

ಮುಂದಿನ ಭಾನುವಾರ ಮುಖ್ಯವಾದ ಪಂದ್ಯ. ತಂಡದ ನಾಯಕ ಗ್ಲೆನ್ ಎಲ್ಲರನ್ನೂ ಕಾಫಿ ಕೋಣೆಯಲ್ಲಿ ಸೇರಿಸಿ, ಗೋಲಿನ ಮುಂದೆ ಯಾರು ನಿಲ್ಲುತ್ತೀರಿ ಎಂದು ಕೇಳಿದ. ಓಡಿ ಹೊಡೆಯುವವರು ಬಹಳ, ನಿಂತು ಹೊಡೆಸಿಕೊಳ್ಳುವವರು ಇಲ್ಲ. ಎಲ್ಲರೂ ತಮ್ಮ ತಮ್ಮ ಕಾಫಿಯನ್ನೇ ನೋಡುತ್ತಿದ್ದರು. ಆಗ ಗ್ಲೆನ್ ನನ್ನ ಬೆನ್ನು ತಟ್ಟಿ, "ಚಿಂತೆ ಬೇಡ. ಯಾರೂ ಸಿಗದಿದ್ದರೆ ನಮ್ಮ ರಾವ್ ಇದ್ದಾರಲ್ಲ!" ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು.

ನಮ್ಮ ವಿದ್ಯಾರ್ಥಿನಿಲಯದಲ್ಲಿ ನಾಲ್ಕು ಜನರ ಮುಂದೆ ನಿನ್ನ ಹೆಸರು ಕೂಗಿದರೆ ಆ ಕೆಲಸ ನಿನ್ನದು. ಬಡಿಸು ಎಂದರೆ ಬಡಿಸಬೇಕು, ಪ್ರಾರ್ಥನೆ ಹೇಳು ಎಂದರೆ ಗಂಟಲು ಕಟ್ಟಿದ್ದರೂ ಹೇಳಬೇಕು. ನಾನು ಗಂಭೀರವಾಗಿ ತಲೆಯಾಡಿಸಿದೆ. ಆಡಿಸಿದ ತಲೆ ಮನೆ ತಲಪುವವರೆಗೂ ನಿಲ್ಲಲಿಲ್ಲ. ಮನೆಯ ದಾರಿಯ ಕೊಲ್ಲಿ ಸೇತುವೆಯ ಮೇಲೆ ಕಾರು ಓಡಿಸುತ್ತ ನನ್ನ ಮೊಣಕಾಲುಗಳನ್ನು ನೆನೆದೆ, ಹೊಸದಾಗಿ ಕಟ್ಟಿಸಿದ ಹಲ್ಲುಗಳನ್ನು ನೆನೆದೆ.

ಊಟದ ಹೊತ್ತಿಗೆ ವಿಷಯ ಹೇಳಿದೆ. ಲಲಿತ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು. "ಬಚ್ಚಲಲ್ಲಿ ನೀರು ಚೆಲ್ಲಿದ್ರೆ ಗೋಡೆ ಹಿಡ್ಕೊಂಡು ನಡೀತೀರ. ನಿಮ್ಮನ್ನ ಐಸ್ ಮೇಲೆ ನಿಲ್ಲಿಸ್ತಾರಂತಾ?"

"ಹೇಳಿದ ಮೇಲೆ ನಿಲ್ಲಬೇಕಲ್ಲ."

"ಆಗಲ್ಲ ಅನ್ನಿ!"

"ಎಲ್ಲರ ಮುಂದೆ ತಲೆಯಾಡಿಸಿಬಿಟ್ಟೆ."

ಹೈಸ್ಕೂಲಿನಲ್ಲಿ ಓದುವ ಮಗಳು ಉಷಾ ತಟ್ಟೆಯಿಂದ ತಲೆ ಎತ್ತದೆ, "ಅಪ್ಪಾ, ಯು ವಿಲ್ ಡೈ" ಎಂದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ ಎಂಬುದಕ್ಕೆ ಇಷ್ಟು ಸಾಕ್ಷಿ ಸಾಕು.

ಉಳಿದ ದಾರಿ ಒಂದೇ: ಭಾನುವಾರದೊಳಗೆ ಬೇರೆ ಯಾರನ್ನಾದರೂ ಹುಡುಕುವುದು. ಪುಣ್ಯಕ್ಕೆ ಅದಕ್ಕೆ ಮುಂಚೆಯೇ ಫ್ರೀಮಾಂಟ್‌ನ ಶಾಲೆಯೊಂದರ ಹಾಲಿನಲ್ಲಿ ನಮ್ಮ ಕನ್ನಡದವರ ಗಣೇಶನ ಹಬ್ಬದ ಊಟವಿತ್ತು. ಗಣಪತಿಗೆ ನಮಸ್ಕಾರ ಮಾಡಿ, ಗಟ್ಟಿಮುಟ್ಟಾದ ಗಂಡಸರನ್ನು ಒಬ್ಬೊಬ್ಬರಾಗಿ ಮೂಲೆಗೆ ಕರೆದು ಕೇಳಿದೆ. ಹೆಣ್ಣಿಗೆ ಗಂಡು ನೋಡುವವರು ಎತ್ತರ, ಮೈಕಟ್ಟು ಅಳೆಯುವಂತೆ ಅಳೆಯುತ್ತಿದ್ದೆ. ಒಬ್ಬರೂ ಇಲ್ಲ ಎನ್ನಲಿಲ್ಲ. ಎಲ್ಲರೂ "ನೋಡೋಣ" ಎಂದರು. ನಮ್ಮವರ "ನೋಡೋಣ" ಎಂಬುದು ಅಮೆರಿಕದವರ "ಇಲ್ಲ" ಎನ್ನುವುದಕ್ಕಿಂತ ಭದ್ರವಾದ ಬಾಗಿಲು. ಅದಕ್ಕೆ ಕೀಲಿಕೈಯೇ ಇಲ್ಲ. ಅಲ್ಲಿದ್ದ ಮೂಳೆ ಡಾಕ್ಟರೊಬ್ಬರು ಮಾತ್ರ ಸ್ವಲ್ಪ ಮುಂದೆ ಹೋಗಿ, "ನಿಲ್ಲೋಕೆ ನನ್ನಿಂದಾಗಲ್ಲ ರಾಯರೇ. ನಿಂತವರನ್ನ ಆಮೇಲೆ ನಂಗೆ ತೋರಿಸಿ" ಎಂದು ಭರವಸೆ ಕೊಟ್ಟರು.

ನಾನು ಕಡುಬಿಗೂ ಮನಸ್ಸಿಲ್ಲದೆ ಅಡಿಗೆಯ ಮೇಜಿನ ಬಳಿ ನಿಂತಿದ್ದೆ. ಬಡಿಸುತ್ತಿದ್ದ ಹೆಂಗಸೊಬ್ಬರ ಕೈಯಿಂದ ಹುಳಿಯ ಸೌಟು ಜಾರಿತು. ಪಕ್ಕದಲ್ಲಿದ್ದ ಉಡುಪಿಯ ಗುರುರಾಜ, ಬಲಗೈಯಲ್ಲಿ ತುಂಬಿದ ತಟ್ಟೆ ಹಾಗೇ ಇದ್ದಂತೆ ಮಂಡಿ ಬಗ್ಗಿಸಿ, ಎಡಗೈಯಿಂದ ಆ ಸೌಟನ್ನು ನೆಲ ಮುಟ್ಟುವ ಮೊದಲೇ ಹಿಡಿದುಬಿಟ್ಟ. ಹುಳಿ ಚೆಲ್ಲಿತು, ಸೌಟು ಬೀಳಲಿಲ್ಲ. ಗುರುರಾಜ ಇಂಜಿನಿಯರು, ನನಗಿಂತ ಬಹಳ ಚಿಕ್ಕವನು, ಸೊಂಟದ ಸುತ್ತಳತೆಯಲ್ಲಿ ಮಾತ್ರ ನನಗಿಂತ ಹಿರಿಯ.

"ಏನಯ್ಯಾ ಇದು, ಎಲ್ಲಿ ಕಲಿತೆ?" ಎಂದೆ.

"ಕಾಲೇಜಿನಲ್ಲಿ ನಾನು ವಿಕೆಟ್ ಕೀಪರ್ ಅಲ್ವಾ ಮಾರಾಯ್ರೆ! ಕೈ ತನ್ನಷ್ಟಕ್ಕೆ ಹೋಗ್ತದೆ."

ನಾನು ಅವನ ಆ ಕೈಯನ್ನೇ ಹಿಡಿದುಕೊಂಡೆ. ನಮ್ಮ ಐಸ್ ಹಾಕಿ ತಂಡಕ್ಕೆ ಒಬ್ಬ ಗೋಲಿ ಬೇಕು, ಹಿಂದೆ ಗೋಲು ಇರುತ್ತದೆ ಎಂದೆ, ವಿಕೆಟ್ಟಿಗಿಂತ ಅಗಲ ಅಷ್ಟೇ. ಕಾಲಿಗೆ ಪ್ಯಾಡು ಉಂಟು, ಕೈಗೆ ಗವಸು ಉಂಟು, ಮುಂದೆ ಅಡ್ಡ ನಿಲ್ಲುವ ಬ್ಯಾಟ್ಸ್‌ಮನ್ ಬೇರೆ ಇಲ್ಲ, ಇನ್ನೇನು ಬೇಕು ಎಂದೆ. ಅವಸರದಲ್ಲಿ ನನಗೆ ಅವನ ಊರಿನ "ಉಂಟು" ಕೂಡ ಬಂದಿತ್ತು.

"ಐಸಿನ ಮೇಲೆ ಅಲ್ವಾ ರಾಯರೇ? ನನಗೆ ಜಾರಲಿಕ್ಕೆ ಬರುವುದಿಲ್ಲ."

"ಜಾರೋದು ಬರದಿದ್ರೆ ಒಳ್ಳೇದೇ. ನೀನು ನಿಂತಲ್ಲೇ ನಿಲ್ಲಬೇಕು."

ಅವನ ಹೆಂಡತಿ ವಸಂತಿ, "ಹೋಗಲಿ ರಾಯರೇ, ಕರ್ಕೊಂಡು ಹೋಗಿ. ಭಾನುವಾರ ಇಡೀ ಸೋಫಾದಲ್ಲಿ ಬಿದ್ದಿರ್ತಾರೆ. ಬೀಳುವುದಾದರೆ ಅಲ್ಲಿಯೇ ಬೀಳಲಿ" ಎಂದಳು. ಆ ತಾಯಿಯ ಹೊಟ್ಟೆ ತಣ್ಣಗಿರಲಿ. ನಾನು ಮರಳಿ ಹೋಗಿ ಗಣಪತಿಗೆ ಇನ್ನೊಂದು ನಮಸ್ಕಾರ ಹಾಕಿ, ಕಡುಬು ಕೇಳಿ ಹಾಕಿಸಿಕೊಂಡು ತಿಂದೆ.

ಭಾನುವಾರ ಗುರುರಾಜನಿಗೆ ಡೇವ್‌ನ ಕವಚಗಳನ್ನೆಲ್ಲ ಕ್ರಮವಾಗಿ ನಾನೇ ಕಟ್ಟಿದೆ. ಒಳಗೆ ಅವನಿದ್ದಾನೆ ಎಂಬುದಕ್ಕೆ "ಎಂತ ಸೆಖೆ ಮಾರಾಯ್ರೆ" ಎಂಬ ಧ್ವನಿಯೊಂದೇ ಗುರುತು. ಅವನು ತಾನಾಗಿ ಗೋಲಿನವರೆಗೆ ಹೋಗುವ ಹಾಗಿರಲಿಲ್ಲ. ಗ್ಲೆನ್ ಮತ್ತು ಇನ್ನೊಬ್ಬ ಸೇರಿ, ಮನೆ ಬದಲಿಸುವಾಗ ಬೀರುವನ್ನು ನೂಕುವಂತೆ ನೂಕಿಕೊಂಡು ಹೋಗಿ ನಿಲ್ಲಿಸಿದರು. ನಾನು ಕಟ್ಟೆಯ ಆಚೆ ಆಟಗಾರರ ಬೆಂಚಿನಲ್ಲಿ, ಉಣ್ಣೆಯ ಮಫ್ಲರು ಸುತ್ತಿಕೊಂಡು ಕೂತೆ. ಗುರುರಾಜನಿಗೆ ಒಳ್ಳೆಯದಾಗಲಿ ಎಂದು ನಾನು ಆ ದಿನ ಪ್ರಾರ್ಥಿಸಿದಷ್ಟು ಅವನನ್ನು ಹೆತ್ತವರೂ ಪ್ರಾರ್ಥಿಸಿರಲಾರರು. ಅವನು ಎದ್ದು ನಿಲ್ಲಲಾರದೆ ಹೋದರೆ ಮುಂದಿನ ಹೆಸರು ನನ್ನದು.

ಮೊದಲ ಬಿಲ್ಲೆ ಗುಂಡಿನಂತೆ ಬಂತು. ಗುರುರಾಜನ ಎಡಗೈ ತನ್ನಷ್ಟಕ್ಕೆ ಹೋಯಿತು. ಹಿಡಿದ! ನಮ್ಮವರು ಕೂಗುವ ಮೊದಲೇ ಅವನು ಎರಡು ಕೈಯೂ ಮೇಲೆತ್ತಿ, ತೀರ್ಪುಗಾರನ ಕಡೆ ತಿರುಗಿ, "ಹೌಜಾಟ್!" ಎಂದು ಅರಚಿದ. ತೀರ್ಪುಗಾರ ತಾನೇನು ತಪ್ಪು ಮಾಡಿದೆನೋ ಎಂದು ಸುತ್ತ ನೋಡಿಕೊಂಡ. ಎದುರಾಳಿಗಳು ಎರಡು ಹೆಜ್ಜೆ ಹಿಂದೆ ಸರಿದರು. ಇದರಿಂದ ನಷ್ಟವೇನೂ ಆಗಲಿಲ್ಲ. ನಷ್ಟವಾದದ್ದು ಎರಡನೆಯದರಲ್ಲಿ. ಅದನ್ನೂ ಅವನು ಚೆನ್ನಾಗಿಯೇ ಹಿಡಿದ. ಹಿಡಿದವನು, ಕ್ರಿಕೆಟ್ಟಿನಲ್ಲಿ ಕೀಪರುಗಳು ಚೆಂಡು ಹಿಡಿದ ಮೇಲೆ ಪಕ್ಕದ ಸ್ಲಿಪ್ಪಿನಲ್ಲಿ ನಿಂತವನಿಗೆ ಸುಮ್ಮನೆ ಎಸೆಯುತ್ತಾರಲ್ಲ, ಹಾಗೆ ಬಲಪಕ್ಕದಲ್ಲಿ ನಿಂತಿದ್ದವನ ಕಡೆ ಬಿಲ್ಲೆಯನ್ನು ಮೆಲ್ಲಗೆ ಎಸೆದ. ನಿಂತಿದ್ದವನು ಎದುರಾಳಿ. ಅವನಿಗೆ ತನ್ನ ಅದೃಷ್ಟ ನಂಬಲು ಸ್ವಲ್ಪ ಹೊತ್ತು ಹಿಡಿಯಿತು. ನಂಬಿದ ಮೇಲೆ ಗೋಲು ಹೊಡೆದ.

ಗ್ಲೆನ್ ತಲೆಯ ಮೇಲೆ ಕೈ ಹೊತ್ತು ನನ್ನ ಬಳಿ ಜಾರಿ ಬಂದು, ನಿಮ್ಮ ಮನುಷ್ಯ ಯಾರ ಕಡೆಗೆ ಆಡುತ್ತಿದ್ದಾನೆ ಎಂದು ಕೇಳಿದ. ಅತ್ತ ಗುರುರಾಜ ಕನ್ನಡದಲ್ಲಿ ನನ್ನ ಮೇಲೆ ಕೂಗುತ್ತಿದ್ದ: "ಸ್ಲಿಪ್ಪಿನಲ್ಲಿ ನಮ್ಮವರು ಒಬ್ಬರು ಬೇಡ್ವಾ ರಾಯರೇ? ಎಂತ ಫೀಲ್ಡಿಂಗ್ ಇದು!"

ಅಷ್ಟು ಜನರಲ್ಲಿ ಇಬ್ಬರ ಮಾತೂ ಅರ್ಥವಾದವನು ನಾನೊಬ್ಬನೇ. ಕಾಲೇಜಿನಲ್ಲಿ ಬೆಳೆಸಿದ ಅಭ್ಯಾಸವನ್ನು ಒಂದು ಬೆಳಿಗ್ಗೆ ಬಿಡಿಸಲು ಆಗುವುದಿಲ್ಲ ಎಂಬುದು ಗಂಟೆಯ ಶಬ್ದಕ್ಕೆ ಇಂದಿಗೂ ಹಸಿಯುವ ನನಗೆ ಗೊತ್ತು. ಹಾಗಾಗಿ ಗ್ಲೆನ್‌ಗೆ ಹೇಳಿದೆ: ಅವನನ್ನು ತಿದ್ದಬೇಡ. ಅವನ ಬಲಪಕ್ಕದಲ್ಲಿ ಸದಾ ನಮ್ಮವನೊಬ್ಬ ನಿಂತಿರಲಿ. ಗ್ಲೆನ್ ಒಬ್ಬನನ್ನು ನಿಲ್ಲಿಸಿದ. ಆಮೇಲೆ ನೋಡಬೇಕಿತ್ತು. ಗುರುರಾಜ ಹಿಡಿಯುವುದು, ಅರಚುವುದು, ಪಕ್ಕಕ್ಕೆ ಎಸೆಯುವುದು, ನಮ್ಮವನು ಅದನ್ನು ತೆಗೆದುಕೊಂಡು ಓಡುವುದು. ಕೊನೆ ಕೊನೆಗೆ ನಮ್ಮ ತಂಡದವರೆಲ್ಲ ಅವನ ಜೊತೆ "ಹೌಜಾಟ್" ಎನ್ನತೊಡಗಿದರು. ತೀರ್ಪುಗಾರನೂ ಒಮ್ಮೆ ಬೆರಳೆತ್ತುವನೇನೋ ಎಂದುಕೊಂಡೆ.

ಪಂದ್ಯ ಸಮಸಮವಾಗಿದ್ದಾಗ, ಇನ್ನೇನು ಮುಗಿಯಿತು ಎನ್ನುವಾಗ, ಎದುರಾಳಿಗಳ ಕಡೆಯ ಒಬ್ಬ ದೈತ್ಯ ಬಂದು ಗುರುರಾಜನಿಗೆ ಬಡಿದ. ಬಿಲ್ಲೆ ಹೊರಗೆ ಹೋಯಿತು. ಗುರುರಾಜ ಬಿದ್ದ, ಬಿದ್ದವನು ಏಳಲಿಲ್ಲ. ತೀರ್ಪುಗಾರ ಸೀಟಿ ಊದಿದ. ಗ್ಲೆನ್ ಅವನ ಮೇಲೆ ಬಗ್ಗಿ ನೋಡಿ, ನೇರವಾಗಿ ನನ್ನ ಕಡೆ ಜಾರಿಕೊಂಡು ಬರತೊಡಗಿದ. ನಾನು ಮಫ್ಲರು ಬಿಚ್ಚಿ ಮಡಿಸಿ ಪಕ್ಕಕ್ಕಿಟ್ಟೆ. ಕನ್ನಡಕ ತೆಗೆದು ಅದರ ಮೇಲಿಟ್ಟೆ. ಹಲ್ಲಿನ ಸೆಟ್ಟಿಗೂ ಕೈ ಹಾಕಿದೆ.

"ರಾವ್!" ಎಂದ ಗ್ಲೆನ್. "ನೀರಿನ ಬಾಟಲಿ ಕೊಡಿ, ಬೇಗ."

ಕೊಟ್ಟೆ. ಗುರುರಾಜನಿಗೆ ತೊಡೆಯ ನರ ಹಿಡಿದುಕೊಂಡಿತ್ತು ಅಷ್ಟೇ. ತಿಕ್ಕಿದರು, ನೀರು ಕುಡಿಸಿದರು, ಬೀರುವನ್ನು ಎತ್ತುವಂತೆ ಎತ್ತಿ ನಿಲ್ಲಿಸಿದರು. ಪಂದ್ಯ ಸಮವಾಗಿಯೇ ಮುಗಿಯಿತು. ಡೇವ್ ಎದ್ದು ಬರುವವರೆಗೂ ನಾನೇ ನಿಲ್ಲುತ್ತೇನೆ ಎಂದು ಗುರುರಾಜ ಕುಂಟುತ್ತಲೇ ಘೋಷಿಸಿದ. ನನ್ನ ಎದೆಯ ಮೇಲಿಂದ ಒಂದು ಒರಳುಕಲ್ಲು ಇಳಿಯಿತು.

ಆ ಹಗುರದಲ್ಲಿ, ಕೇಳಬಾರದ ಒಂದು ಪ್ರಶ್ನೆ ಕೇಳಿದೆ. "ಅಲ್ಲ ಗ್ಲೆನ್, ಅವನು ಏಳದೇ ಹೋಗಿದ್ದರೆ ನಾನು ನಿಲ್ಲಬೇಕಾಗಿತ್ತಲ್ಲವೇ?"

ಗ್ಲೆನ್ ಹೊಟ್ಟೆ ಹಿಡಿದುಕೊಂಡು ನಕ್ಕ. ಕಾಫಿ ಕೋಣೆಯಲ್ಲಿ ತಾನು ಆಡಿದ್ದು ತಮಾಷೆ ಎಂದ. ಈ ಆಟದಲ್ಲಿ ಗೋಲನ್ನು ಖಾಲಿ ಬಿಡಲೂ ಅವಕಾಶವಿದೆಯಂತೆ. ಗೋಲಿಯ ಬದಲು ಓಡುವವನೊಬ್ಬ ಹೆಚ್ಚಾಗಿ ಸಿಗುತ್ತಾನಂತೆ. "ನಿಮ್ಮನ್ನು ನಿಲ್ಲಿಸುತ್ತಿದ್ದೆವೇ ರಾವ್? ಖಾಲಿ ಬಿಡುತ್ತಿದ್ದೆವು!" ಎಂದು ಭುಜ ತಟ್ಟಿ ಹೋದ.

ನೆಮ್ಮದಿಯಿಂದ ಮನೆಗೆ ಬಂದೆ. ಲಲಿತ ಬಾಗಿಲಲ್ಲೇ ನನ್ನ ಕೈಕಾಲು ಲೆಕ್ಕ ಹಾಕಿ, "ಸದ್ಯ!" ಎಂದಳು. ನಡೆದದ್ದೆಲ್ಲ ಹೇಳಿದೆ. ಅವಳು ದೇವರಿಗೆ ತುಪ್ಪದ ದೀಪ ಹಚ್ಚಿದಳು. ಆಮೇಲೆ ನನ್ನನ್ನು ನೋಡಿ, "ಮತ್ಯಾಕೆ ಮುಖ ಹಾಗಿದೆ? ನಿಂತ್ಕೋಬೇಕು ಅಂತ ಆಸೆ ಇತ್ತಾ?" ಎಂದಳು.

"ಛೆ ಛೆ, ಎಲ್ಲಾದರೂ ಉಂಟೇ!"

"ಮತ್ತೆ?"

"ಅಲ್ಲ, ಖಾಲಿ ಬಿಡ್ತಿದ್ವಿ ಅಂದನಲ್ಲ. ಏನೂ ಇಲ್ಲದ ಜಾಗಕ್ಕಿಂತ ನಾನು ಕಡೆಯೇ? ಒಂದಾದರೂ ನನಗೆ ತಗಲಿ ಆಚೆ ಹೋಗುತ್ತಿರಲಿಲ್ಲವೇ?"

ಲಲಿತ ಎದ್ದು ಒಳಗೆ ಹೋದಳು. ಅಡಿಗೆಮನೆಯಿಂದ ಅವಳೂ ಉಷಾಳೂ ನಗುವುದು ಕೇಳಿಸಿತು. ಊಟ ಮಾಡಿ ಹಾಸಿಗೆಗೆ ಹೋದೆ. ಒಂದು ವಾರದಿಂದ ಇಲ್ಲದ ನಿದ್ದೆ ಕಣ್ಣಿಗೆ ತುಂಬಿ ಬರುತ್ತಿತ್ತು. ಆದರೂ ಕಣ್ಣು ಮುಚ್ಚುವ ಮೊದಲು, ಯಾರೂ ನೋಡುತ್ತಿಲ್ಲ ಎಂದು ಖಚಿತಮಾಡಿಕೊಂಡು, ಎರಡು ಕೈ ಎರಡು ಕಾಲುಗಳನ್ನು ಆದಷ್ಟೂ ಅಗಲಿಸಿ, ಎಷ್ಟು ದೂರ ಮುಟ್ಟುತ್ತೇನೆ ಎಂದು ಅಳೆದೆ. ಅಷ್ಟರಲ್ಲಿ ಲಲಿತ ಒಳಗೆ ಬಂದಳು.

"ಏನ್ರೀ ಇದು, ಇಡೀ ಮಂಚ ನೀವೇ ತುಂಬ್ಕೊಂಡಿದೀರಲ್ಲ! ಒಂದು ಸೊಳ್ಳೆ ನುಸುಳೋಕೂ ಜಾಗ ಇಲ್ಲ."

ಪರಮ ಸಂತೋಷದಿಂದ ಮಗ್ಗುಲಾಗಿ ನಿದ್ದೆ ಹೋದೆ.