ಕೆಂಪಾಗಿ ಕಂಡ ಗೋಮಾಳ

ಗ್ರಾಮಲೆಕ್ಕಿಗ ಜಯರಾಮಪ್ಪನಿಗೆ ತೊಂದರೆ ಬಂದದ್ದು ಆಕಾಶದಿಂದ. ದೇಶದಲ್ಲಿ ಎಷ್ಟು ನೆಲ ಹಸಿರಾಗಿದೆ, ಎಷ್ಟು ಬೀಳುಬಿದ್ದಿದೆ ಎಂದು ಉಪಗ್ರಹದಿಂದ ಚಿತ್ರ ತೆಗೆದಿದ್ದಾರೆ, ಅದನ್ನು ಹಿಡಿದುಕೊಂಡು ಬೆಂಗಳೂರಿನ ಅಧಿಕಾರಿಯೊಬ್ಬರು ಇವತ್ತೇ ಊರಿನ ಗೋಮಾಳ ನೋಡಲು ಬರುತ್ತಾರೆ ಎಂದು ತಾಲ್ಲೂಕು ಕಚೇರಿಯ ಜವಾನ ಬೆಳಿಗ್ಗೆ ಹೇಳಿಹೋದ.

ಆ ಹದಿನೆಂಟು ಎಕರೆಯಲ್ಲಿ ಸುಬಾಬುಲ್ ಮರಗಳ ತೋಪಿದೆ ಎಂದು ಮೂರು ವರ್ಷದಿಂದ, ೧೯೮೬ರಿಂದ, ಪಹಣಿ ಬರೆಯುತ್ತಿದ್ದವನು ಜಯರಾಮಪ್ಪನೇ. ಬರೆಯುತ್ತಿದ್ದದ್ದು ಬಂಗಾರಪೇಟೆ ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಕುಳಿತು. ನೆಡಲೆಂದು ಸರ್ಕಾರ ಕಳಿಸಿದ್ದ ಸಸಿಗಳು ಲಾರಿಯಿಂದ ಇಳಿದ ವಾರದಲ್ಲೇ ಚಾವಡಿಯ ಹಿಂದೆ ಮೇಕೆಗಳ ಹೊಟ್ಟೆ ಸೇರಿದ್ದವು. ಆಮೇಲೆ ಅವನು ಗೋಮಾಳಕ್ಕೆ ಕಾಲಿಟ್ಟಿರಲಿಲ್ಲ. ಇಲ್ಲದ ಮರಗಳನ್ನು ನೋಡಲು ಎರಡು ಮೈಲಿ ನಡೆಯುವವರು ಯಾರು?

ಕೆಲಸ ಹೋಗುತ್ತದೆ ಎಂಬ ಯೋಚನೆಗೆ ಅವನ ಮುಖ ನೆನೆಸಿಟ್ಟ ಅವಲಕ್ಕಿಯಂತಾಯಿತು.

ಸುದ್ದಿ ಕೇಳಿ ಊರೇ ಚಾವಡಿಗೆ ಬಂತು. ಅವನ ಮೇಲೆ ಯಾರೂ ಅಷ್ಟು ಕರುಣೆ ತೋರಿಸಿದ್ದಿಲ್ಲ. ಚಿಕ್ಕವೆಂಕಟಮ್ಮ ಜ್ವರವೆಂದು ಮಲಗಿಬಿಡಲು ಹೇಳಿ ಕಂಬಳಿ ಹೊದಿಸಿದಳು. ಮುನಿಸ್ವಾಮಪ್ಪ ಗೋಮಾಳದ ದಾರಿಗೆ ಅಡ್ಡಲಾಗಿ ತನ್ನ ಗಾಡಿಯನ್ನೇ ಮಗುಚಿಬಂದ. ಬಚ್ಚಪ್ಪ ಕಿವಿಯ ಹತ್ತಿರ ಬಗ್ಗಿದ.

"ಸಾಮಿ, ಏನಾನಾ ಆಗ್ಲಿ, ಅವರ್ನ ಗೋಮಾಳ್ದ ತಾವ್ಕೆ ಮಾತ್ರ ಬಿಡ್ಬೇಡಿ. ನಿಮ್ಗೋಸ್ಕರ ಏಳ್ತಾ ಇವ್ನಿ."

ಜಯರಾಮಪ್ಪನ ಕಣ್ಣು ತುಂಬಿತು.

ಹನ್ನೊಂದಕ್ಕೆ ಜೀಪು ಬಂತು. ಇಳಿದವರು ಕನ್ನಡಕದ ಹೆಣ್ಣುಮಗಳು. ಕಂಬಳಿಯೊಳಗೆ ಬೆವರುತ್ತಿದ್ದವನನ್ನು ಎಬ್ಬಿಸಿ ಕರೆದೊಯ್ದು, ಜೀಪಿನ ಬಾನೆಟ್ಟಿನ ಮೇಲೆ ಚಿತ್ರ ಹರಡಿದರು. ಸುತ್ತಲೆಲ್ಲ ಬೂದುಬಣ್ಣ. ಗೋಮಾಳವೊಂದೇ ಕಡುಗೆಂಪು.

ಸರ್ಕಾರಿ ಕಾಗದದ ಮೇಲೆ ಕೆಂಪು ಬಿದ್ದರೆ ಅದರರ್ಥ ಒಂದೇ ಎಂದು ಜಯರಾಮಪ್ಪ ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಕಲಿತಿದ್ದ. ಆಕಾಶದಲ್ಲೂ ಒಬ್ಬರು ತಹಶೀಲ್ದಾರರು ಕೂತಿದ್ದಾರೆಂದು ತಿಳಿದು ಅವನು ಕೈಮುಗಿದ.

"ತಪ್ಪಾಯ್ತು ಮೇಡಂ. ಅಲ್ಲಿ ಒಂದು ಗಿಡಾನೂ ಇಲ್ಲ. ಎಲ್ಲಾ ಹೋಟ್ಲಲ್ಲಿ ಕೂತು ಬರ್ದಿದ್ದು."

ಅವರು ಕನ್ನಡಕ ತೆಗೆದು ಅವನನ್ನು ನೋಡಿದರು. "ಈ ಚಿತ್ರದಲ್ಲಿ ಹಸಿರು ಕೆಂಪಾಗಿ ಕಾಣುತ್ತೆ, ಜಯರಾಮಪ್ಪನವರೇ. ಬೇಸಿಗೆಯಲ್ಲೂ ಇಷ್ಟು ಸೊಂಪಾಗಿರೋ ಗೋಮಾಳ ತಾಲ್ಲೂಕಲ್ಲಿ ಇದೊಂದೇ. ನಿಮ್ಮ ಪಹಣಿಗೂ ತಾಳೆ ಆಗಿತ್ತು. ಸಹಿ ತಗೊಂಡು ಹೋಗೋಣ ಅಂತ ಬಂದೆ." ಆಮೇಲೆ ಮೆಲ್ಲಗೆ ಕೇಳಿದರು. "ಗಿಡ ಇಲ್ಲ ಅಂದ್ರೆ, ಅಲ್ಲಿರೋದೇನು?"

ಮಗುಚಿದ ಗಾಡಿಯನ್ನು ಬಳಸಿಕೊಂಡು ಹೋಗಿ ನೋಡಿದರು. ಹದಿನೆಂಟು ಎಕರೆಯಲ್ಲೂ ರೇಷ್ಮೆ ಹುಳಕ್ಕೆ ಹಾಕುವ ಹಿಪ್ಪುನೇರಳೆ ಎದೆಯುದ್ದ ನಿಂತಿತ್ತು. ನಡುವೆ ಬಾವಿ, ಬಾವಿಗೆ ಪಂಪ್‌ಸೆಟ್ಟು. ಬಚ್ಚಪ್ಪನ ಪಾಲೆಲ್ಲಿ ಮುಗಿಯುತ್ತದೆ, ಚಿಕ್ಕವೆಂಕಟಮ್ಮನದು ಎಲ್ಲಿ ಶುರುವಾಗುತ್ತದೆ ಎಂದು ತಿಳಿಯಲು ಬದುಗಳನ್ನೂ ಹಾಕಿದ್ದರು.

ಅಧಿಕಾರಿ ಎರಡೇ ಸಾಲು ಬರೆದರು. ಇಲ್ಲದ ತೋಪನ್ನು ಬರೆದದ್ದು, ಇದ್ದ ಒತ್ತುವರಿಯನ್ನು ಬರೆಯದೆ ಹೋದದ್ದು. ಕೆಳಗೆ ಜಯರಾಮಪ್ಪ ಸಹಿ ಹಾಕಿದ.

ಜೀಪು ಹೋದಮೇಲೆ ಬಚ್ಚಪ್ಪ ಬಂದು ಬದುವಿನ ಮೇಲೆ ಅವನ ಪಕ್ಕ ಕುಳಿತ. ಹಿಪ್ಪುನೇರಳೆಯ ಎಲೆಯೊಂದನ್ನು ಕಿತ್ತುಕೊಂಡ.

"ನೀವು ಸುಮ್ಕಿದ್ದಿದ್ರೆ," ಎಂದ ಬಚ್ಚಪ್ಪ, "ನಮ್ ಸೊಪ್ನೇ ನಿಮ್ ತೋಪು ಅನ್ಕೊಂಡು ಓಗ್ಬುಡ್ತಿದ್ರಲ್ಲ ಸಾಮಿ."