ದಾವಲಬಿ ಕರ್ತವ್ಯಕ್ಕೆ ಹಾಜರಾದ ಪ್ರಸಂಗ

ಸುತ್ತೋಲೆಗಳು ತರಗೆಲೆಗಳಂತೆ ಉದುರುತ್ತಿದ್ದ, ಸಮಿತಿಗಳು ಉಪಸಮಿತಿಗಳನ್ನು ಹಡೆಯುತ್ತಿದ್ದ ಆ ಮಹಾಯುಗವನ್ನು ಮೊದಲು ನೆನೆಯೋಣ. ಎಲೈ ಕಡತವಾಸಿನಿಯೇ, ಧೂಳಿಧೂಸರವಸನೆಯೇ, ಮೊಹರಾಂಕಿತಲಲಾಟೆಯೇ, ನನ್ನ ನಾಲಗೆಯ ಮೇಲೆ ನಿಂತು ನುಡಿಸು! ಡೋಣಿ ನದಿಯ ಕರಿನೆಲದ ವಿಶ್ವವಿದ್ಯಾಲಯವೊಂದರಲ್ಲಿ, ಹಗೇವುಶಾಸ್ತ್ರಪಾರಂಗತೆ ಡಾಕ್ಟರ್ ದಾವಲಬಿ ನದಾಫಳು ಎರಡು ಮಹಾವಿಭಾಗಗಳ ನಡುವೆ ನಿಂತು ಕಾದಿದ ಕಥೆಯನ್ನು ನುಡಿಸು.

ಅಲ್ಲಿನ ಕುಲಪತಿಗಳಿಗೆ ಒಂದು ಹೊಸ ವಿಚಾರ ಹೊಳೆದಿತ್ತು. ವಿಭಾಗಕ್ಕೊಬ್ಬರಂತೆ ಅಧ್ಯಾಪಕರನ್ನು ತುಂಬುವ ಹಳೆಯ ಪದ್ಧತಿ ಸಾಕು. ಒಂದು ವಿಷಯ ಹಿಡಿಯಬೇಕು, ಅದನ್ನು ಬೇರೆ ಬೇರೆ ದಿಕ್ಕಿನಿಂದ ಬಲ್ಲ ಮೂವರನ್ನು ಒಟ್ಟಿಗೇ ನೇಮಿಸಬೇಕು. ಇದಕ್ಕೆ ಗೊಂಚಲು ನೇಮಕಾತಿ ಎಂದು ಹೆಸರಾಯಿತು. ವಿಷಯ ಜೋಳವೆಂದಾಯಿತು. ತಳಿ ಬಲ್ಲವನೊಬ್ಬ ಜೀವತಂತ್ರಜ್ಞಾನ ವಿಭಾಗಕ್ಕೂ, ಸಂತೆಯ ಧಾರಣೆ ಬಲ್ಲವಳೊಬ್ಬಳು ಅರ್ಥಶಾಸ್ತ್ರಕ್ಕೂ ತಕರಾರಿಲ್ಲದೆ ಸೇರಿಕೊಂಡರು. ಉಳಿದವಳು ದಾವಲಬಿ. ಆಕೆ ಓದಿದ್ದು ಹಗೇವುಗಳನ್ನು, ಎಂದರೆ ಜೋಳ ಕೆಡದಿರಲೆಂದು ಹಿಂದಿನವರು ನೆಲದೊಳಗೆ ತೋಡಿ ಮುಚ್ಚಿಡುತ್ತಿದ್ದ ಕಣಜಗಳನ್ನು. ಅದರಲ್ಲಿ ಕಾಳೂ ಇತ್ತು, ಕಾಲವೂ ಇತ್ತು. ಹಾಗಾಗಿ ಆಕೆ ಸಸ್ಯಶಾಸ್ತ್ರದವಳೋ ಇತಿಹಾಸದವಳೋ ಯಾರಿಗೂ ತಿಳಿಯಲಿಲ್ಲ.

ಆಡಳಿತ ಕಚೇರಿಯ ಗುಮಾಸ್ತ ಮಲಕಣ್ಣ ಆಕೆಯ ಕಾಗದವನ್ನು ಎರಡೂ ಬದಿ ತಿರುವಿ ನೋಡಿದನು.

"ಯಾವುದರೆ ಒಂದು ವಿಭಾಗದ ಮುಖ್ಯಸ್ಥರು ಜಾಯ್ನಿಂಗ್ ರಿಪೋರ್ಟಿಗೆ ಸಹಿ ಹಾಕಬೇಕ್ರಿ ಮೇಡಂ. ಇವತ್ತ ಕಡೀ ದಿನ. ಐದು ಬಡೀತಂದ್ರ ಆರ್ಡರ್ ರದ್ದು."

ದಾವಲಬಿ ಹನ್ನೊಂದು ವರ್ಷ ಅತಿಥಿ ಉಪನ್ಯಾಸಕಿಯಾಗಿ ಮೂರು ಊರುಗಳ ಬಸ್ಸು ಹತ್ತಿಳಿದವಳು, ಆ ಕೆಲಸವನ್ನು ನಿನ್ನೆಯಷ್ಟೇ ಬಿಟ್ಟು ಬಂದಿದ್ದಳು. ಹಿಂದೆ ಹೋಗಲು ದಾರಿಯಿರಲಿಲ್ಲ. ಸೆರಗನ್ನು ಸೊಂಟಕ್ಕೆ ಬಿಗಿದು ಮೆಟ್ಟಿಲೇರಿದಳು.

ಮೇಲೆ ಸಸ್ಯಶಾಸ್ತ್ರದ ಸಿಂಹಾಸನದಲ್ಲಿ, ಮೂಗಿನ ಮೇಲೊಂದು ಹಣೆಯ ಮೇಲೊಂದು ಕನ್ನಡಕ ಧರಿಸಿದ, ಸಹಸ್ರಶುಷ್ಕಪರ್ಣಾಧೀಶ್ವರ ಪ್ರೊಫೆಸರ್ ರಾಚಪ್ಪ ಮುಗಳಖೋಡನು ವಿರಾಜಿಸುತ್ತಿದ್ದನು.

"ಹಗೇವಿಗೆ ಬೇರು ಅದ ಏನ್ರಿ? ಹೂ ಬಿಡತದ? ಇಲ್ಲಂದಮ್ಯಾಗ ನಮ್ಮಲ್ಲ್ಯಾಕ? ಇತಿಹಾಸಕ್ಕ ಹೋಗ್ರಿ."

ಇಳಿದಳು, ಅಂಗಳ ದಾಟಿದಳು, ಮತ್ತೆ ಏರಿದಳು. ಅಲ್ಲಿ ಶಿಲಾಶಾಸನಮರ್ಮಭೇದಿನಿ, ತಾಮ್ರಪಟಪರಿಶೋಧನಧುರೀಣೆ ಪ್ರೊಫೆಸರ್ ಇಂದುಮತಿ ದೇಶಪಾಂಡೆಯು ಚಹಾ ಆರಿಸುತ್ತಿದ್ದಳು.

"ಜೋಳಾ ತಿಂದ್ರ ಮುಗೀತಲ್ಲವಾ? ಅದರಾಗ ಇತಿಹಾಸ ಏನ್ ಉಳೀತು? ಒಂದು ಶಾಸನ ಇದ್ರ ತಗೊಂಬಾ, ನೋಡೋಣಂತ."

ಹೀಗೆ ಎರಡು ಪರ್ವತಗಳ ನಡುವಿನ ಚೆಂಡಾಗಿ ಆ ಧೀರೆಯು ಮೂರು ಬಾರಿ ಹತ್ತಿ ಮೂರು ಬಾರಿ ಇಳಿದಾಗ ನಾಲ್ಕು ಗಂಟೆ. ಆಗ ಕುಲಸಚಿವರ ಕಚೇರಿಯಿಂದ ಸುತ್ತೋಲೆಯೊಂದು ಹೊರಬಿತ್ತು: ಮೂರನೆಯವರನ್ನು ಸೇರಿಸಿಕೊಂಡ ಮುಖ್ಯಸ್ಥರೇ ಜೋಳದ ಗೊಂಚಲಿನ ಸಂಚಾಲಕರು, ಗೊಂಚಲಿಗೆಂದು ಕೊಟ್ಟ ಹೊಸ ಕೋಣೆ, ಅದರೊಳಗಿನ ಕೂಲರ್ ಸಮೇತ, ಅವರದೇ ವಶ.

ಏಪ್ರಿಲ್ ತಿಂಗಳು. ಇನ್ನು ಹೇಳುವುದೇನು?

ಪೂರ್ವದಿಕ್ಕಿನಿಂದ ಅಂಗಳಕ್ಕೆ ರಾಚಪ್ಪನು ಚಪ್ಪಲಿ ಚಟಚಟಿಸುತ್ತ ಧಾವಿಸಿದನು; ಪಶ್ಚಿಮದಿಂದ ಇಂದುಮತಿಯು ನಿರಿಗೆ ಹಿಡಿದು ನುಗ್ಗಿದಳು. ದಾವಲಬಿಯ ಕೈಯ ಕಾಗದದ ಒಂದು ತುದಿ ಅವನಿಗೆ, ಇನ್ನೊಂದು ಇವಳಿಗೆ.

"ಮೂವತ್ತೊಂದು ವರ್ಷ ಎಲಿ ಒಣಗಿಸೀನಿ ನಾನು!" ಎಂದು ಗರ್ಜಿಸಿದನು ರಾಚಪ್ಪ. "ಆರು ಕುಲಪತಿಗಳನ್ನ ಕಂಡೀನಿ! ಜೋಳ ಅಂದ್ರ ಹುಲ್ಲಿನ ಜಾತಿ. ಹುಲ್ಲೆಲ್ಲಾ ನಂದು. ಈ ಮೇಡಂ ನಮ್ಮಾಕಿ!"

"ಹಳೇದೆಲ್ಲಾ ನಂದು, ರಾಚಪ್ಪನವರ!" ಎಂದಳು ಇಂದುಮತಿ. "ನಿಮ್ಮ ಸ್ಕೂಟರ್ ಸುದ್ಧಾ ನಾಳೆ ನಮ್ಮ ಮ್ಯೂಸಿಯಮ್ಮಿಗೇ ಬರೂದದ!"

ಎಳೆದಾಟದಲ್ಲಿ ಕಾಗದವು ಚರ್ ಎಂದು ಸಣ್ಣಗೆ ಅತ್ತಿತು. ಆ ಸದ್ದು ದಾವಲಬಿಯ ಕರುಳಿಗೆ ತಾಗಿತು. ಬಿ.ಎ. ತರಗತಿಯ ತೊಂಬತ್ತು ಮಂದಿಯನ್ನು ಹನ್ನೊಂದು ವರ್ಷ ಸುಮ್ಮನಾಗಿಸಿದ ಕಂಠ ತಾನಾಗಿ ಎದ್ದಿತು.

"ಕೈ ಬಿಡ್ರಿ ಇಬ್ಬರೂ! ಹಿಂದ ಸರೀರಿ!"

ಇಬ್ಬರೂ ಹಿಂದಿನ ಬೆಂಚಿನವರಂತೆ ಕೈಬಿಟ್ಟು ಸರಿದರು. ತಾನೇ ಕೂಗಿದ್ದೆಂದು ತಿಳಿದು ದಾವಲಬಿ ಬೆವರಿದಳು. ಆದರೂ ನಿಲ್ಲಿಸಲಿಲ್ಲ.

"ಹಗೇವಿನ ಬಾಯಿ ಸಣ್ಣದ್ರಿ ಸರ್, ಒಳಗ ಒಬ್ಬರ ಇಳೀತಾರ. ಆದ್ರ ಕಾಳು ಹೊರಗ ಬರಬೇಕಂದ್ರ ಇಬ್ಬರು ಬೇಕು. ಕೆಳಗಿನಾಂವ ಬುಟ್ಟಿ ಎತ್ತಿ ಕೊಡಬೇಕು, ಮ್ಯಾಲಿನಾಂವ ತಗೋಬೇಕು. ಇಬ್ಬರೂ ಸಹಿ ಹಾಕ್ರಿ, ಕೂಲರ್ ಇಬ್ಬರಿಗೂ ಬೀಸತದ."

"ಅಂದ್ರ ಮ್ಯಾಲಿನ ಸಹಿ ಯಾರ್ದು?" ಎಂದನು ರಾಚಪ್ಪ. ಇಂದುಮತಿಯ ಪೆನ್ನು ಒರೆಯಿಂದ ಹೊರಬಂತು. ದಾವಲಬಿ ಕಾಗದವನ್ನು ಅಂಗಳದ ಬದಿಯ ಕಿಟಕಿಕಟ್ಟೆಯ ಮೇಲೆ ಅಡ್ಡ ತಿರುಗಿಸಿಟ್ಟಳು. ಸಹಿಗಳು ಅಕ್ಕಪಕ್ಕ ಬಿದ್ದವು.

ನಾಲ್ಕು ಐವತ್ತಾರಕ್ಕೆ ಆಕೆ ಏದುಸಿರಿನಿಂದ ಮಲಕಣ್ಣನ ಮುಂದೆ ನಿಂತಳು.

"ಇಬ್ಬರು ಮುಖ್ಯಸ್ಥರೇನ್ರಿ?"

"ಒಬ್ಬರ ಇರಬೇಕಂತ ಎಲ್ಲೆ ಬರದದ, ಅಣ್ಣಾರ?"

ಮಲಕಣ್ಣನು ನಿಯಮಾವಳಿಯ ನಾಲ್ಕು ಪುಟ ಮಗುಚಿದನು, ಗಡಿಯಾರ ನೋಡಿದನು, ಆಕಳಿಸಿದನು. ಧಡ್ ಎಂದು ಮೊಹರು ಬಿತ್ತು. ದಾವಲಬಿಯ ಕಣ್ಣು ತುಂಬಿ ಬಂತು. ಮೊಹರಿನ ಮಸಿ ಆರುವವರೆಗೂ ಊದುತ್ತ ನಿಂತಳು.

"ಇವನ್ನೂ ತಗೋರಿ," ಎಂದು ಮಲಕಣ್ಣನು ಇನ್ನೆರಡು ಚೀಟಿ ನೀಡಿದನು. "ಎರಡೂ ವಿಭಾಗದಿಂದ ಈಗ ಬಂದಾವು. ನಾಳಿ ಪರೀಕ್ಷಾ ಡ್ಯೂಟಿ ನಿಮಗ. ಹತ್ತಕ್ಕ ಏಳನೇ ಕೋಣಿ. ಹತ್ತಕ್ಕ ಎಂಟನೇ ಕೋಣಿ."

"ಎರಡರಾಗೂ ಹೆಂಗ ನಿಂದರ್ಲಿ?"

"ನಡುವ ವರಾಂಡ ಅದಲ್ರಿ ಮೇಡಂ. ಅಲ್ಲೇ ನಿಂದರ್ರಿ, ಎರಡೂ ಕಾಣತಾವ."

ಮರುದಿನ ಬೆಳಗಿನ ಹತ್ತು ಗಂಟೆಗೆ ಹಗೇವುಶಾಸ್ತ್ರಪಾರಂಗತೆ, ವಿಭಾಗದ್ವಯವಿಜಯಿನಿ ಡಾಕ್ಟರ್ ದಾವಲಬಿ ನದಾಫಳು ವರಾಂಡದಲ್ಲಿ ನಿಂತು, ಆಚೆಯವರಿಗೂ ಈಚೆಯವರಿಗೂ ಉತ್ತರಪತ್ರಿಕೆ ಕಟ್ಟುವ ದಾರ ಹಂಚಿದಳು.