ಒಂದು ತಾಸಿನ ಹಾದಿ

ಗೋವಾದ ಫಾತೋರ್ಡಾದಲ್ಲಿ ನನ್ನದೊಂದು ಟಿಕೆಟ್ ಬುಕಿಂಗ್ ಅಂಗಡಿ. ಗೋವಾದಿಂದ ಬೆಂಗಳೂರಿಗೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು ಎಂದು ದಿನಕ್ಕೊಬ್ಬರಾದರೂ ಕೇಳುತ್ತಾರೆ. ಐನೂರು ಕಿಲೋಮೀಟರಿನ ಆಸುಪಾಸು, ತಾಸಿನ ಮೇಲೆ ಸ್ವಲ್ಪ ಎನ್ನುತ್ತೇನೆ. ಆಮೇಲೆ ಏನಾದರೂ ಒಂದು ಎಡವಟ್ಟು ಆಗಿ, ಬೈಗುಳ ನನ್ನ ತಲೆಗೇ ಬರುತ್ತದೆ.

ಷಡ್ಡಕರ ಪಂದ್ಯ

ಇಲ್ಲೇ ಗೋವಾದಲ್ಲಿ ಕೆಲಸಕ್ಕಿರುವ ಬೆಳಗಾವಿ ಕಡೆಯ ಆಫೀಸರೊಬ್ಬರು ಬೆಂಗಳೂರಿನ ಮಾವನ ಮನೆಗೆ ವಿಮಾನದಲ್ಲಿ ಹೊರಟರು. ಅವರ ಷಡ್ಡಕ ಹಿಂದಿನ ಸಂಜೆಯೇ ಬಸ್ಸು ಹತ್ತಿದ್ದ. "ನೀ ರಾತ್ರಿಯೆಲ್ಲಾ ಬೆನ್ನು ಮುರ್ಕೋ, ನಾ ಮುಂಜಾನೆ ಎದ್ದು ಬಂದು ನಿನ್ನ ಹಿಡೀತೇನಿ" ಎಂದು ಇವರು ಹಂಗಿಸಿದ್ದರು. ಮನೆಯಿಂದ ಮೋಪಾ ವಿಮಾನ ನಿಲ್ದಾಣಕ್ಕೆ ಎರಡು ತಾಸು, ಅಲ್ಲಿ ಕಾಯಲು ಎರಡು ತಾಸು, ಬೆಂಗಳೂರಿನಲ್ಲಿ ಇಳಿದ ಮೇಲೆ ಟ್ರಾಫಿಕ್ಕಿನಲ್ಲಿ ಮತ್ತೆರಡು. ಬಾಗಿಲು ತೆರೆದವನು ಷಡ್ಡಕನೇ. ಸ್ನಾನವಾಗಿತ್ತು, ಉಪ್ಪಿಟ್ಟೂ ಆಗಿತ್ತು.

"ಬರ್ರಿ ಬರ್ರಿ. ವಿಮಾನ ಪಂಕ್ಚರ್ ಆಗಿತ್ತೇನ್ರಿ?"

ಕೈ ಎತ್ರಿ

ಗೋವಾದಲ್ಲಿ ನಿಲ್ದಾಣ ಎರಡು: ಉತ್ತರಕ್ಕೆ ಮೋಪಾ, ದಕ್ಷಿಣಕ್ಕೆ ದಾಬೋಳಿ. ಹೆಂಡತಿ ಮೋಪಾದಲ್ಲಿ ಇಳಿದಳು, ಕರೆಯಲು ಹೋದ ಗಂಡ ರೂಢಿಯಂತೆ ದಾಬೋಳಿಯಲ್ಲಿ ನಿಂತಿದ್ದ.

"ಎಲ್ಲಿದ್ದೀರಿ?"

"ಕಾಫಿ ಅಂಗಡಿ ಮುಂದ."

"ನಾನೂ ಅಲ್ಲೇ ಅದೇನಿ. ಕೈ ಎತ್ರಿ."

"ಎತ್ತೇನಿ. ನೀನs ಕಾಣವಲ್ಲಿ."

ಗುಟ್ಟು ಗೊತ್ತಾದ ಮೇಲೆ, ಅಲ್ಲೇ ಇರು, ಬಂದೆ ಎಂದು ಗಂಡ ಹೊರಟ. ಹೇಳಿದ ಮಾತು ಕೇಳುವ ಹೆಣ್ಣಲ್ಲ, ಅವಳೂ ಟ್ಯಾಕ್ಸಿ ಹಿಡಿದಳು. ಅವನು ಮೋಪಾ ಮುಟ್ಟಿದಾಗ ಫೋನ್ ಬಂತು.

"ಮನಿಗೆ ಬಂದು ಅನ್ನಕ್ಕ ಇಟ್ಟೇನಿ. ನೀವೆಲ್ಲಿ ತಿರಗಾಕತ್ತೀರಿ?"

ಚೀಲದ ಪ್ರಸ್ಥಾನ

ಇದು ನಮ್ಮ ಬಿಲ್ಡಿಂಗಿನದೇ. ಎದುರು ಮನೆಯ ಧಾರವಾಡದ ಹೆಂಗಸು, ನಾವೆಲ್ಲ ಕಾಕು ಎಂದು ಕರೆಯುವವರು, ಬಸುರಿ ಮಗಳ ಕುಬಸಕ್ಕೆಂದು ಅತ್ತೆಯ ಜೊತೆ ಬೆಂಗಳೂರಿಗೆ ಹೊರಟಿದ್ದರು. ಕುಬಸ ಬುಧವಾರ ಮಧ್ಯಾಹ್ನ. ತವರಿನ ಹಸಿರು ಸೀರೆ, ಬಳೆ ಬಾರದೆ ಆರತಿ ಆಗುವಂತಿಲ್ಲ. ಸೀಟು ಸಿಕ್ಕಿದ್ದು ಮಂಗಳವಾರಕ್ಕೆ.

"ಮಂಗಳವಾರ ಮನಿ ಬಿಡಬಾರದು" ಎಂದರು ಅತ್ತೆ. ಪರಿಹಾರವನ್ನೂ ಅವರೇ ಹೇಳಿದರು: ಪ್ರಸ್ಥಾನ. ಸೋಮವಾರವೇ ಒಳ್ಳೆಯ ಗಳಿಗೆಯಲ್ಲಿ ಚೀಲವನ್ನು ಬೇರೆಯವರ ಮನೆಯಲ್ಲಿ ಇಟ್ಟುಬಿಟ್ಟರೆ, ಪ್ರಯಾಣ ಅಂದೇ ಶುರುವಾದ ಹಾಗೆ. ಸೀರೆ, ಬಳೆ, ಇಬ್ಬರ ಆಧಾರ್ ಕಾರ್ಡು ಸಮೇತ ಚೀಲ ಮೇಲಿನ ಮನೆಯ ನರ್ಸಮ್ಮನ ಹತ್ತಿರ ಹೋಯಿತು. "ಏನs ಆಗ್ಲಿ, ಇದನ್ನ ಮತ್ತ ನಮ್ಮ ಮನಿಗೆ ತರಬ್ಯಾಡ್ರಿ" ಎಂದು ಅತ್ತೆ ತಾಕೀತು ಮಾಡಿ ಬಂದರು.

ಮಂಗಳವಾರ ಬೆಳಿಗ್ಗೆ ಟ್ಯಾಕ್ಸಿ ಬಂತು. ಮೇಲೆ ಹೋದರೆ ಬಾಗಿಲಿಗೆ ಬೀಗ. ನರ್ಸಮ್ಮ ಬೆಳಗಿನ ಡ್ಯೂಟಿಗೆ ಹೋಗಿದ್ದರು, ಫೋನ್ ಎತ್ತಲಿಲ್ಲ. ಕಾಕು ಮೆಟ್ಟಿಲ ಮೇಲೆ ಕೂತು ಅತ್ತೇಬಿಟ್ಟರು. ವಿಮಾನ ತನ್ನ ಪಾಡಿಗೆ ತಾನು ಹೋಯಿತು.

ಮಧ್ಯಾಹ್ನ ಬಂದ ನರ್ಸಮ್ಮ ಕೊಂಕಣಿಯಲ್ಲಿ ಹೇಳಿದ್ದಿಷ್ಟು: ಬೆಳಿಗ್ಗೆ ಚೀಲವನ್ನು ಇವರ ಬಾಗಿಲ ತನಕ ತಂದಿದ್ದರಂತೆ. ಅತ್ತೆಯ ತಾಕೀತು ನೆನಪಾಗಿ ವಾಪಸ್ ಒಯ್ದು, ಭದ್ರವಾಗಿ ಬೀಗ ಹಾಕಿ ಹೋದರಂತೆ.

ಸಂಜೆಯ ಬಸ್ಸಿಗೆ ನಾನೇ ಇಬ್ಬರನ್ನೂ ಹತ್ತಿಸಿದೆ. ಮರುದಿನ ಕಾಕು ಫೋನ್ ಮಾಡಿದರು. ಸೀರೆ ಹೊತ್ತಿಗೆ ಸರಿಯಾಗಿ ಮುಟ್ಟಿತ್ತು, ಕುಬಸ ಚಲೋ ಆಗಿತ್ತು. ಬಸ್ಸಿನ ಸುದ್ದಿ ತಿಳಿಯದ ಬೀಗರು ಮಾತ್ರ ಊಟಕ್ಕೆ ಕೂತಾಗ ಅತ್ತೆಯನ್ನು ಕೇಳಿದರಂತೆ, ಗೋವಾದಿಂದ ವಿಮಾನಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂದು.

ಅತ್ತೆ ಶಾಸ್ತ್ರ ಬಿಟ್ಟುಕೊಡಲಿಲ್ಲ. "ಸೋಮವಾರ ಹೊಂಟಿದ್ವಿ, ಇವತ್ತ ಮುಟ್ಟೇವಿ. ವಿಮಾನ ಅಂದ್ರ ಅಷ್ಟು ಹಿಡೀತೈತ್ರಿ."